ಕುಡೀಬೇಕೋ ಬ್ಯಾಡೋ: ಗೋವಾದ ಗುಡ್ಡದ ಮೇಲಿನ ಒಂದು ಬೋರ್‌ವೆಲ್ ಪ್ರಕರಣ

ಮಡಗಾಂವ್‌ನಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಊರು ಧಾರವಾಡದ ಕಡೆ. ನಮ್ಮಲ್ಲಿಗೆ ಬರುವ ನೀರು ಬಹುತೇಕ ಹೋಟೆಲ್, ಈಜುಕೊಳ, ಅಪಾರ್ಟ್‌ಮೆಂಟ್‌ಗಳದ್ದು. ಗಡಸುತನ, ಕ್ಲೋರಿನ್, ಇ-ಕೋಲಿ, ಅಲ್ಲಿಗೆ ಮುಗೀತು. ವಿಕಿರಣದ ಪರೀಕ್ಷೆ ನಾವು ಮಾಡುವುದಿಲ್ಲ. ಯಾರಾದರೂ ಕೇಳಿದರೆ ಹೊರಗಿನ ದೊಡ್ಡ ಲ್ಯಾಬ್‌ಗೆ ಕಳಿಸಿ ವರದಿ ತರಿಸಿಕೊಡುತ್ತೇವೆ. ವರ್ಷಕ್ಕೆ ಒಂದೋ ಎರಡೋ ಬಂದರೆ ಹೆಚ್ಚು.

ಹಾಗೆ ಬಂದ ಒಂದು ಪ್ರಕರಣ ಇದು. ಇದರಲ್ಲಿ ದೊಡ್ಡ ತಪ್ಪು ಆಗಿದ್ದು ನನ್ನ ಕೈಯಿಂದಲೇ. ಊರಿನ ಹೆಸರು, ಜನರ ಗುರುತು ಮರೆಮಾಡಿದ್ದೇನೆ.

ಜಾಗ ಮತ್ತು ಜನ

ಕಾಣಕೋಣ ತಾಲ್ಲೂಕಿನ ಒಂದು ಗುಡ್ಡದ ಇಳಿಜಾರು. ನಲವತ್ತು ಚಿಲ್ಲರೆ ಮನೆ. ಹೆಚ್ಚಿನವರು ಹಾವೇರಿ, ಗದಗ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಈಗಿನ ಮಕ್ಕಳು ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಕೊಂಕಣಿ. ಸರಕಾರಿ ನಳ ಗುಡ್ಡದ ಬುಡದವರೆಗೆ ಬಂದಿದೆ, ಮೇಲೆ ಒತ್ತಡ ಸಾಲುವುದಿಲ್ಲ.

ನೀರಿಗೆ ಎರಡು ದಾರಿ ಇದ್ದವು. ಒಂದು, ಮೊದಲಿಂದಲೂ ಇದ್ದ ಝರಿ. ಇನ್ನೊಂದು, ಆರು ವರ್ಷದ ಹಿಂದೆ ಎಲ್ಲರೂ ದುಡ್ಡು ಹಾಕಿ ಕೊರೆಸಿದ ಬೋರ್‌ವೆಲ್, 95 ಮೀಟರ್ ಆಳ. ಬೋರ್ ಬಂದ ಮೇಲೆ ಝರಿಯ ನೀರು ಬಟ್ಟೆ ಒಗೆಯಲು, ದನ ತೊಳೆಯಲು ಅಂತಾಯಿತು. ಅದರ ಮೇಲ್ಭಾಗದಲ್ಲಿ ಹೊಸ ಮನೆಗಳೆದ್ದವು, ಅವುಗಳ ಪಾಯಿಖಾನೆ ಗುಂಡಿಗಳೂ ಬಂದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೇಗೂ ಕುಡಿಯುವುದಿಲ್ಲವಲ್ಲ!

ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಪುಣೆ, ಮುಂಬೈ ಕಡೆ ನೆಲದಡಿ ಇರುವುದು ಬಸಾಲ್ಟ್, ಕರೀ ಕಲ್ಲು. ಅದರಲ್ಲಿ ಸಾಮಾನ್ಯವಾಗಿ ಟನ್ನಿಗೆ ಒಂದು ಗ್ರಾಂ ಯುರೇನಿಯಂ ಕೂಡ ಇರುವುದಿಲ್ಲ. ಕಾಣಕೋಣದಲ್ಲಿ ಮೇಲೆ ಕೆಂಪು ಚಿರೆಕಲ್ಲು, ಅಡಿಯಲ್ಲಿ ಗ್ರಾನೈಟ್. ಗ್ರಾನೈಟ್‌ನಲ್ಲಿ ಟನ್ನಿಗೆ ಮೂರರಿಂದ ಐದು ಗ್ರಾಂ ಯುರೇನಿಯಂ ಇರುವುದು ಮಾಮೂಲು. ಬಿರುಕಿನೊಳಗೆ ವರ್ಷಗಟ್ಟಲೆ ಕೂತ ನೀರು ಅದನ್ನು ಒಂದಿಷ್ಟು ಕರಗಿಸಿಕೊಂಡೇ ಮೇಲೆ ಬರುತ್ತದೆ. ಝರಿಯ ನೀರು ಹಾಗಲ್ಲ. ನಿನ್ನೆ ಮೊನ್ನೆ ಬಿದ್ದ ಮಳೆ ಮಣ್ಣಿನಲ್ಲಿ ಇಳಿದು ಬೇಗನೆ ಹೊರಬರುತ್ತದೆ. ಕಲ್ಲಿನ ಸಹವಾಸ ಕಡಿಮೆ, ಮಣ್ಣಿನ ಮೇಲಿನ ಕೊಳೆಯ ಸಹವಾಸ ಜಾಸ್ತಿ.

ಕಿಟಿಕಿಟಿ ಎಂದ ಯಂತ್ರ

ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ರಜೆಗೆ ಬಂದ. ಆನ್‌ಲೈನ್‌ನಲ್ಲಿ ತರಿಸಿದ ಗೈಗರ್ ಕೌಂಟರ್ ಕೈಯಲ್ಲಿತ್ತು. ವಿಕಿರಣ ತಾಗಿದರೆ ಕಿಟ್ ಕಿಟ್ ಅನ್ನುವ ಯಂತ್ರ. ಅಂಗಳದಲ್ಲಿ ನಿಮಿಷಕ್ಕೆ ಹದಿನೈದು ಸಲ ಕಿಟ್ ಅಂದಿತು. ಅಡುಗೆಮನೆಯಲ್ಲಿ ನೀರಿನ ಕೊಡದ ಹತ್ತಿರ ಹಿಡಿದರೆ ನಲವತ್ತು. ನೀರಿನಲ್ಲಿ ರೇಡಿಯೇಶನ್ ಇದೆ ಎಂದು ಅವನೇ ತೀರ್ಮಾನ ಮಾಡಿದ.

ಮುಂದೆ ಜೂನ್‌ನಲ್ಲಿ ನಾನು ಆ ಅಡುಗೆಮನೆಗೆ ಹೋದಾಗ ಕೊಡ ಇದ್ದ ಜಾಗ ನೋಡಿದೆ. ಗ್ರಾನೈಟ್ ಕಟ್ಟೆಯ ಮೇಲಿತ್ತು. ಕೊಡವನ್ನು ಎತ್ತಿ ಪಡಸಾಲೆಯ ಮರದ ಬೆಂಚಿನ ಮೇಲಿಡಲು ಹೇಳಿದೆ. ಹುಡುಗ ಮತ್ತೆ ಯಂತ್ರ ಹಿಡಿದ. ಹದಿನೇಳು. ಬರಿಗಟ್ಟೆಯ ಮೇಲೆ ಹಿಡಿದ. ನಲವತ್ತೆರಡು. ಪಾಪ, ಮುಖ ಸಣ್ಣದಾಯಿತು. ಯುರೇನಿಯಂ, ರೇಡಿಯಂ ಹೊರಸೂಸುವ ಆಲ್ಫಾ ಕಣ ಒಂದು ಹಾಳೆ ಕಾಗದವನ್ನೂ ದಾಟುವುದಿಲ್ಲ. ನೀರಿನಲ್ಲಿ ಕೂದಲೆಳೆಯಷ್ಟು ದೂರ ಹೋಗಿ ನಿಂತುಬಿಡುತ್ತದೆ. ಕೊಡದ ಹೊರಗಿನಿಂದ ಅದನ್ನು ಹಿಡಿಯುವ ಮಾತೇ ಇಲ್ಲ. ಯಂತ್ರಕ್ಕೆ ಕೇಳಿಸಿದ್ದು ಕಟ್ಟೆಯ ಕಲ್ಲು.

ಆದರೆ ಇದು ತಿಳಿಯುವಷ್ಟರಲ್ಲಿ ಬೇರೆ ಎಲ್ಲ ನಡೆದುಹೋಗಿತ್ತು.

ಶನಿವಾರ ಸಂಜೆಯ ವಾಟ್ಸಾಪ್

ಮೇ ಕೊನೆಯಲ್ಲಿ ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಎರಡು ಲೀಟರ್‌ನ ಕೋಲಾ ಬಾಟಲಿಯಲ್ಲಿ ಬೋರ್ ನೀರು ತಂದುಕೊಟ್ಟರು. ಎಲ್ಲರೂ ಅವರನ್ನು ಮೇಸ್ತ್ರಿ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಾಟಲಿ ಮುಕ್ಕಾಲು ತುಂಬಿತ್ತು. ತಳದಲ್ಲಿ ಕಬ್ಬಿಣದ ಕೆಂಪು ಗಷ್ಟು. ನೀರನ್ನು ಮೇಲಿನ ಟ್ಯಾಂಕಿನ ನಳದಿಂದ ಹಿಡಿದಿದ್ದರು, ಅದೂ ನಾಲ್ಕು ದಿನದ ಹಿಂದೆ. ಇಷ್ಟೆಲ್ಲ ನೋಡಿಯೂ ನಾನು ಸುಮ್ನೆ ಚೀಟಿ ಅಂಟಿಸಿ ಕಳಿಸಿದೆ. ಕೇಳಿದ ಪರೀಕ್ಷೆ ಮೂರು: ಒಟ್ಟು ಆಲ್ಫಾ, ಒಟ್ಟು ಬೀಟಾ, ಮತ್ತು ಹುಡುಗನ ಒತ್ತಾಯಕ್ಕೆ ರೇಡಾನ್, ಅಂದರೆ ಕಲ್ಲಿನಿಂದ ನೀರಿಗೆ ಸೇರುವ ವಿಕಿರಣಶೀಲ ಅನಿಲ.

ಜೂನ್ ಮೊದಲ ವಾರ ವರದಿ ಬಂತು. ಒಟ್ಟು ಆಲ್ಫಾ ಲೀಟರ್‌ಗೆ 0.19 ಬೆಕ್ವೆರೆಲ್. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಮಿತಿ 0.1. ಬೀಟಾ 0.24, ಮಿತಿ 1.0. ರೇಡಾನ್ 3. ಆಲ್ಫಾ ಸಾಲಿನ ಎದುರು ದಪ್ಪ ಅಕ್ಷರದಲ್ಲಿ 'ಮಿತಿ ಮೀರಿದೆ'.

ಶನಿವಾರ ಸಂಜೆ ಆರು ಗಂಟೆ. ಮನೆಗೆ ಹೊರಡುವ ಗಡಿಬಿಡಿ. ವರದಿಯ ಫೋಟೋ ತೆಗೆದು ಮೇಸ್ತ್ರಿ ಕಾಕಾನ ವಾಟ್ಸಾಪ್‌ಗೆ ಹಾಕಿದೆ. ಒಂದು ಮಾತು ಬರೆಯಲಿಲ್ಲ, ಫೋನೂ ಮಾಡಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಅದು ವಾಡಿಯ ಎಲ್ಲ ಫೋನ್‌ಗಳಲ್ಲಿತ್ತು. ಯಾರೋ 'ಎರಡು ಪಟ್ಟು ವಿಷ' ಎಂದು ಸೇರಿಸಿದರು. ಇನ್ಯಾರೋ ಕೈಗಾ ಅಣುಸ್ಥಾವರದ ಹೆಸರು ತೆಗೆದರು. 2009ರಲ್ಲಿ ಕೈಗಾದ ಕೆಲಸಗಾರರು ಕುಡಿಯುವ ಕೂಲರ್‌ನಲ್ಲಿ ಟ್ರಿಟಿಯಂ ಸೇರಿದ್ದ ಸುದ್ದಿ ಹಿರಿಯರಿಗೆ ಚೆನ್ನಾಗಿ ನೆನಪಿತ್ತು. ಕೈಗಾ ಇರುವುದು ಕಾಳಿ ನದಿಯ ದಂಡೆಯಲ್ಲಿ. ಕಾಳಿ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಅಲ್ಲಿಂದ ನೀರು ಗಡಿ ದಾಟಿ ಈ ಗುಡ್ಡ ಹತ್ತಿ ಬೋರ್‌ಗೆ ಇಳಿಯಬೇಕಲ್ವಾ! ಅದೂ ಅಲ್ಲದೆ, ಟ್ರಿಟಿಯಂ ಎಂದರೆ ಹೈಡ್ರೋಜನ್‌ನದೇ ಒಂದು ರೂಪ. ಒಟ್ಟು ಆಲ್ಫಾ ಪರೀಕ್ಷೆಗೆ ನೀರನ್ನು ಒಣಗಿಸಿ ಉಳಿದ ಪುಡಿಯನ್ನು ಎಣಿಸುತ್ತಾರೆ. ಟ್ರಿಟಿಯಂ ಇದ್ದರೂ ಆವಿಯ ಜತೆಗೇ ಹಾರಿಹೋಗುತ್ತದೆ. ಮೇಲಾಗಿ ಅದು ಬಿಡುವುದು ಬೀಟಾ, ಆಲ್ಫಾ ಅಲ್ಲವೇ ಅಲ್ಲ. ಆದರೆ ಶನಿವಾರ ರಾತ್ರಿ ಇದನ್ನು ಹೇಳಲು ಅಲ್ಲಿ ಯಾರಿದ್ದರು? ನಾನು ಮನೆಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ.

ಭಾನುವಾರ ಬೆಳಿಗ್ಗೆ ಪಂಪಿನ ಫ್ಯೂಸ್ ಕಿತ್ತಿಟ್ಟರು. ಎಲ್ಲರ ಕೊಡ ಮತ್ತೆ ಝರಿಗೆ ಹೋಯಿತು. ಮೂರನೇ ದಿನ ನೀರು ಸೋಸುವ ಆರ್‌ಒ ಯಂತ್ರ ಮಾರುವವನು ಗುಡ್ಡ ಹತ್ತಿ ಬಂದ. ಏಳು ಮನೆಯವರು ಮುಂಗಡ ಕೊಟ್ಟರು.

ಹತ್ತನೇ ದಿನ ಮೇಸ್ತ್ರಿ ಕಾಕಾ ಫೋನ್ ಮಾಡಿದರು.

“ಸರ, ಆ ಬೆಕ್ವೆರೆಲ್ ಗಿಕ್ವೆರೆಲ್ ನಮಗ ತಿಳಿಯಂಗಿಲ್ಲ. ಈ ನೀರು ಕುಡೀಬೇಕೋ ಬ್ಯಾಡೋ, ಅಷ್ಟು ಹೇಳ್ರಿ.”

ನನಗೆ ಉತ್ತರ ಗೊತ್ತಿರಲಿಲ್ಲ. ವರದಿ ಕಳಿಸಿದವನು ನಾನೇ. 0.1 ಎಂಬ ಅಂಕಿ ಏನು ಹೇಳುತ್ತದೆ ಎಂದು ಅದುವರೆಗೆ ಓದಿಯೇ ಇರಲಿಲ್ಲ. ನಾಳೆ ಬಂದು ನೋಡಿ ಹೇಳುತ್ತೇನೆ ಎಂದೆ. ಆ ರಾತ್ರಿ ಕೂತು ಓದಿದೆ.

0.19 ಏನು ಹೇಳುತ್ತದೆ

ಒಂದು ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. 0.19 ಎಂದರೆ ಒಂದು ಲೀಟರ್ ನೀರಿನಲ್ಲಿ ಹೆಚ್ಚುಕಡಿಮೆ ಐದು ಸೆಕೆಂಡಿಗೆ ಒಂದು. ಯಾವ ಪರಮಾಣು ಎಂದು ಈ ಪರೀಕ್ಷೆ ಹೇಳುವುದಿಲ್ಲ. ಯುರೇನಿಯಂ ಇರಬಹುದು, ರೇಡಿಯಂ ಇರಬಹುದು, ಪೊಲೊನಿಯಂ ಇರಬಹುದು. ಮೂರೂ ಆಲ್ಫಾ ಬಿಡುತ್ತವೆ, ಆದರೆ ದೇಹಕ್ಕೆ ಮಾಡುವ ಕೆಡುಕಿನಲ್ಲಿ ಹತ್ತಾರು ಪಟ್ಟು ವ್ಯತ್ಯಾಸ ಇದೆ. ಅಂದರೆ ಒಟ್ಟು ಆಲ್ಫಾ ಒಂದು ಜರಡಿ. ಜರಡಿಯಲ್ಲಿ ಏನೋ ಉಳಿಯಿತು ಅಂದರೆ ಅದೇನೆಂದು ಆರಿಸಿ ನೋಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಜರಡಿಯೂ ಹಿಂದೆ 0.1 ಆಗಿತ್ತು. 2004ರಲ್ಲಿ ಅದನ್ನು 0.5ಕ್ಕೆ ಏರಿಸಿದರು. ನಮ್ಮ ಐಎಸ್ 10500ರಲ್ಲಿ 0.1 ಹಾಗೇ ಉಳಿದಿದೆ, ಅದೂ ಸಡಿಲಿಕೆ ಇಲ್ಲದ ಮಿತಿಯಾಗಿ. ಅದೇ ಮಾನದಂಡದಲ್ಲಿ ಯುರೇನಿಯಂಗೆ ಲೀಟರ್‌ಗೆ 30 ಮೈಕ್ರೋಗ್ರಾಂ ಒಪ್ಪಿಗೆ ಇದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟ ಮಿತಿಯಂತೂ 60. ಈಗ ಲೆಕ್ಕ ಹಾಕಿ. ಒಂದು ಮೈಕ್ರೋಗ್ರಾಂ ನೈಸರ್ಗಿಕ ಯುರೇನಿಯಂ ಎಂದರೆ 0.025 ಬೆಕ್ವೆರೆಲ್. 30 ಮೈಕ್ರೋಗ್ರಾಂ ಇದ್ದರೆ 0.75 ಆಯಿತು. ಬರೀ 4 ಮೈಕ್ರೋಗ್ರಾಂ ಇದ್ದರೂ ಆಲ್ಫಾ 0.1 ಮುಟ್ಟುತ್ತದೆ. ಯುರೇನಿಯಂ ಸಾಲಿನಲ್ಲಿ ಸಲೀಸಾಗಿ ಪಾಸಾಗುವ ನೀರು ಆಲ್ಫಾ ಸಾಲಿನಲ್ಲಿ ಫೇಲ್ ಆಗಬಹುದು! ಗ್ರಾನೈಟ್ ನಾಡಿನ ಬೋರ್‌ವೆಲ್‌ಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ. ಇದನ್ನು ವರದಿಯಲ್ಲಿ ಒಂದು ಸಾಲು ಬರೆಯದ ಲ್ಯಾಬ್‌ಗಳ ಮೇಲೆ ನನಗೆ ಸಿಟ್ಟಿದೆ. ಅದರಲ್ಲಿ ನಾನೂ ಒಬ್ಬ.

ಕಪ್ಪಾದ ಬಾಟಲಿ

ಮರುದಿನ ಗುಡ್ಡಕ್ಕೆ ಹೋದೆ. ಜಿಟಿಜಿಟಿ ಮಳೆ. ಅಂಗನವಾಡಿ ಅಕ್ಕ ಬಾಗಿಲಲ್ಲೇ ಹೇಳಿದರು, ನಾಲ್ಕು ಮಕ್ಕಳಿಗೆ ಭೇದಿ, ಒಂದು ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ. ಬೇರೆ ವರ್ಷವೂ ಮಳೆಗಾಲದಲ್ಲಿ ಆಗುತ್ತದೆ, ಆದರೆ ಒಂದೇ ವಾರದಲ್ಲಿ ನಾಲ್ಕು ಆಗುವುದಿಲ್ಲ ಎಂದರು.

ನನ್ನ ಚೀಲದಲ್ಲಿ ಎಚ್‌ಟುಎಸ್ ಬಾಟಲಿಗಳಿದ್ದವು. ಹಳ್ಳಿಗಳಲ್ಲಿ ಬಳಸುವ ಅಗ್ಗದ ಪರೀಕ್ಷೆ. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಮಲದಿಂದ ಬರುವ ಬ್ಯಾಕ್ಟೀರಿಯಾ ಇದ್ದಾಗ ನೀರು ಕಪ್ಪಾಗುತ್ತದೆ. ಒಂದಕ್ಕೆ ಝರಿಯ ನೀರು, ಒಂದಕ್ಕೆ ಬೋರ್ ನೀರು ತುಂಬಿ ಅಕ್ಕನ ಅಡುಗೆಮನೆಯ ಮೂಲೆಯಲ್ಲಿಟ್ಟೆವು. ನಾನು ಆ ರಾತ್ರಿ ಮೇಸ್ತ್ರಿ ಕಾಕಾನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ನೋಡಿದರೆ ಝರಿಯ ಬಾಟಲಿ ಡಾಂಬರಿನಷ್ಟು ಕಪ್ಪು. ಬೋರ್‌ನದು ಹಾಕಿದಾಗಿನ ಹಳದಿ ಬಣ್ಣದಲ್ಲೇ ಇತ್ತು.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು, ಅದೂ ಅವತ್ತೇ. ಬೋರ್ ನೀರಿನಲ್ಲಿ ಆಲ್ಫಾ ಬಿಡುತ್ತಿರುವುದು ಏನು ಎಂದು ತಿಳಿಯಲು ಇನ್ನೂ ಮೂರು ವಾರ ಬೇಕು. ಅಲ್ಲಿಯವರೆಗೆ ಯಾವ ನೀರು? ವರದಿ ಬರುವ ತನಕ ಬೋರ್ ಬಂದ್ ಇರಲಿ, ಝರಿ ನೀರನ್ನು ಕುದಿಸಿ ಕುಡಿಯಿರಿ ಎನ್ನುವುದು ನನಗೆ ಸುರಕ್ಷಿತ ದಾರಿ. ನಾಳೆ ಯಾರೂ ನನ್ನನ್ನು ಬೈಯುವುದಿಲ್ಲ. ಆದರೆ ಹಸಿ ಸೌದೆ, ದುಬಾರಿ ಸಿಲಿಂಡರ್, ನಲವತ್ತು ಮನೆ. ಎಲ್ಲರೂ ಎಲ್ಲ ನೀರನ್ನೂ ಕುದಿಸುತ್ತಾರೆಂದು ನಂಬಲು ಆಗಲಿಲ್ಲ.

ಹಾಗಾಗಿ ತೀರಾ ಕೆಟ್ಟದ್ದನ್ನೇ ಊಹಿಸಿದೆ. ಆ 0.19 ಪೂರ್ತಿ ಪೊಲೊನಿಯಂ-210 ಎಂದಿಟ್ಟುಕೊಳ್ಳೋಣ. ದಿನಕ್ಕೆ ಎರಡು ಲೀಟರ್‌ನಂತೆ ವರ್ಷವಿಡೀ ಕುಡಿದರೆ ದೊಡ್ಡವರಿಗೆ ಸುಮಾರು 0.17 ಮಿಲಿಸೀವರ್ಟ್. ದೇಹಕ್ಕೆ ತಗಲುವ ವಿಕಿರಣದ ಅಳತೆ ಅದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗುರಿ ವರ್ಷಕ್ಕೆ 0.1. ಅದಕ್ಕಿಂತ ಹೆಚ್ಚೇ ಆಯಿತು. ಆದರೆ ಮಣ್ಣು, ಗಾಳಿ, ಆಕಾಶದಿಂದ ಮನುಷ್ಯರಿಗೆ ಸರಾಸರಿ ಸಿಗುವುದೇ ವರ್ಷಕ್ಕೆ 2.4. ಅಂದರೆ ಈ ನೀರನ್ನು ವರ್ಷಪೂರ್ತಿ ಕುಡಿದರೂ ಸಿಗುವುದು ಸುಮ್ನೆ ಒಂದು ತಿಂಗಳು ಬದುಕಿದ್ದಕ್ಕಿಂತ ಕಡಿಮೆ. ಚಿಕ್ಕ ಮಕ್ಕಳಿಗೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ, ನಿಜ. ಆದರೂ ಮಾತು ಮೂರು ವಾರದ್ದು. ಎದುರಿಗೆ ಆಸ್ಪತ್ರೆಯಲ್ಲಿ ಮಲಗಿದ ಮಗು.

ಫ್ಯೂಸ್ ಹಾಕಿ ಅಂದೆ.

ಒಪ್ಪಿಸುವುದು ಸುಲಭ ಇರಲಿಲ್ಲ. ಒಬ್ಬ ಅಜ್ಜಿ ನೇರವಾಗಿ ಕೇಳಿದರು: “ಅಂದು ವಿಷ ಅಂತ ಕಾಗದ ಕಳಿಸಿದಿ. ಇವತ್ತು ಕುಡೀರಿ ಅಂತಿ. ಯಾವುದು ಖರೆ ತಮ್ಮಾ?” ಅಲ್ಲೇ ಒಂದು ಲೋಟ ಬೋರ್ ನೀರು ಗಟಗಟ ಕುಡಿದು ತೋರಿಸಬಹುದಿತ್ತು. ಅದು ನಾಟಕವಾಗುತ್ತಿತ್ತು. ಒಂದು ಲೋಟದಿಂದ ಯಾವುದೂ ಸಾಬೀತಾಗುವುದಿಲ್ಲ. ಎರಡೂ ಬಾಟಲಿಗಳನ್ನು ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟೆ. ಕಾಗದ ಕಳಿಸಿದಾಗ ಮಾತಾಡದೆ ಇದ್ದದ್ದು ನನ್ನ ತಪ್ಪು ಎಂದೆ. ಅಜ್ಜಿ ಕಪ್ಪು ಬಾಟಲಿಯನ್ನು ತುಂಬಾ ಹೊತ್ತು ನೋಡಿದರು. ಸಂಜೆ ಪಂಪಿನ ಸದ್ದು ಕೇಳಿತು.

ಎರಡನೇ ಸ್ಯಾಂಪಲ್

ಈ ಸಲ ಸರಿಯಾಗಿ ಹಿಡಿದೆವು. ಪಂಪನ್ನು ಇಪ್ಪತ್ತು ನಿಮಿಷ ಓಡಿಸಿ ಪೈಪಿನ ಹಳೇ ನೀರು ಬಿಟ್ಟೆವು. ಬೋರ್ ಬಾಯಿಯ ಹತ್ತಿರವೇ ಸೋಸಿ ಹೊಸ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ನೈಟ್ರಿಕ್ ಆಮ್ಲ ಹಾಕಿದೆವು, ಪಿಎಚ್ 2ಕ್ಕಿಂತ ಕೆಳಗೆ ಇಳಿಯುವಷ್ಟು. ಆಮ್ಲ ಹಾಕದಿದ್ದರೆ ನೀರಿನ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ. ಹೋಗುವಾಗ ಯುರೇನಿಯಂ, ರೇಡಿಯಂ ಎರಡನ್ನೂ ಅಂಟಿಸಿಕೊಂಡು ಹೋಗುತ್ತದೆ. ಕೋಲಾ ಬಾಟಲಿಯ ಆ ಕೆಂಪು ಗಷ್ಟು ನೆನಪಾಯಿತು.

ರೇಡಾನ್‌ನದು ಬೇರೆಯೇ ಕಥೆ. ಅದು ಗಾಳಿ. ಬಾಟಲಿಯಲ್ಲಿ ಸ್ವಲ್ಪ ಜಾಗ ಇದ್ದರೆ ನೀರು ಬಿಟ್ಟು ಮೇಲೆ ಬರುತ್ತದೆ, ಮುಚ್ಚಳ ತೆಗೆದ ತಕ್ಷಣ ಹೋಗುತ್ತದೆ. ಹೋಗದಿದ್ದರೂ 3.8 ದಿನಕ್ಕೆ ಅರ್ಧ ಖಾಲಿ. ಟ್ಯಾಂಕಿನ ನಳದಿಂದ ಹಿಡಿದು, ಮುಕ್ಕಾಲು ತುಂಬಿಸಿ, ನಾಲ್ಕು ದಿನ ಮನೆಯಲ್ಲಿಟ್ಟು, ಬಸ್ಸಿನಲ್ಲಿ ಕುಲುಕಿಸಿ ತಂದ ನೀರಿನಲ್ಲಿ ರೇಡಾನ್ 3 ಬಂದಿದ್ದೇ ಹೆಚ್ಚು! ಒಂದೇ ಬಾಟಲಿಯಿಂದ ಆಲ್ಫಾದಲ್ಲಿ ಸುಳ್ಳು ಹೆದರಿಕೆ, ರೇಡಾನ್‌ನಲ್ಲಿ ಸುಳ್ಳು ಧೈರ್ಯ. ಪರಿಚಯದ ಕಾಲೇಜು ಮೇಷ್ಟ್ರೊಬ್ಬರು ಅಳೆಯುವ ಯಂತ್ರವನ್ನೇ ಗುಡ್ಡಕ್ಕೆ ತಂದರು. ಬಕೆಟ್ ತುಂಬಿಸಿ, ಪೈಪಿನ ತುದಿಯನ್ನೂ ಗಾಜಿನ ಸೀಸೆಯನ್ನೂ ನೀರಿನೊಳಗೇ ಇಟ್ಟು ತುಂಬಿ, ಮುಚ್ಚಳವನ್ನೂ ನೀರಿನೊಳಗೇ ಹಾಕಿದರು. ಆಮೇಲೆ ಸೀಸೆ ತಲೆಕೆಳಗು ಮಾಡಿ ಗುಳ್ಳೆ ಇದೆಯಾ ನೋಡಿದರು. ಸಾಸಿವೆಯಷ್ಟು ಗುಳ್ಳೆ ಕಂಡಿತು. ಚೆಲ್ಲಿ ಮತ್ತೆ ಹಿಡಿದರು.

ಜುಲೈನಲ್ಲಿ ಎಲ್ಲ ಕೈಸೇರಿತು. ಯುರೇನಿಯಂ ಲೀಟರ್‌ಗೆ 7 ಮೈಕ್ರೋಗ್ರಾಂ. ಆಲ್ಫಾ ಈ ಸಲ 0.20. ಅದರಲ್ಲಿ ಸುಮಾರು 0.175 ಈ ಯುರೇನಿಯಂನದೇ. ರೇಡಿಯಂ-226 ಯಂತ್ರ ಹಿಡಿಯುವ ಮಟ್ಟಕ್ಕಿಂತ ಕೆಳಗೆ. ಬೀಟಾದ ಲೆಕ್ಕವೂ ಕೂಡಿತು. ನೀರಿನಲ್ಲಿ ಪೊಟ್ಯಾಸಿಯಂ 7 ಮಿಲಿಗ್ರಾಂ ಇತ್ತು. ಬಾಳೆಹಣ್ಣಿನಲ್ಲಿ, ನಮ್ಮ ಮೈಯಲ್ಲಿ ಇರುವ ಪೊಟ್ಯಾಸಿಯಂ-40 ಅದರಲ್ಲೂ ಇರುತ್ತದೆ, ಅದೊಂದೇ ಹತ್ತಿರ ಹತ್ತಿರ 0.2 ಬೆಕ್ವೆರೆಲ್ ಕೊಡುತ್ತದೆ. ಯುರೇನಿಯಂನ 7 ಮೈಕ್ರೋಗ್ರಾಂನಿಂದ ವರ್ಷಕ್ಕೆ ಬರುವ ವಿಕಿರಣ 0.006 ಮಿಲಿಸೀವರ್ಟ್ ಆಸುಪಾಸು. ಅಸಲಿಗೆ ಯುರೇನಿಯಂಗೆ ಮಿತಿ ಇಟ್ಟಿರುವುದು ವಿಕಿರಣಕ್ಕೆ ಹೆದರಿಯೂ ಅಲ್ಲ. ಸೀಸದಂಥ ಭಾರಲೋಹವಾಗಿ ಅದು ಕಿಡ್ನಿಗೆ ತೊಂದರೆ ಕೊಡುತ್ತದೆ ಎಂಬ ಕಾರಣಕ್ಕೆ.

ರೇಡಾನ್ ಬೋರ್ ಬಾಯಿಯಲ್ಲಿ ಲೀಟರ್‌ಗೆ 140 ಬೆಕ್ವೆರೆಲ್, ಟ್ಯಾಂಕಿನ ನಳದಲ್ಲಿ 35. ಯುರೋಪಿನ ದೇಶಗಳು ಕುಡಿಯುವ ನೀರಿಗೆ 100 ಅಂಕಿ ಇಟ್ಟುಕೊಂಡಿವೆ. ರೇಡಾನ್‌ನ ಕಾಟ ಹೊಟ್ಟೆಗಿಂತ ಶ್ವಾಸಕೋಶಕ್ಕೆ. ನೀರಿನಲ್ಲಿ 1000 ಇದ್ದರೆ ಮನೆಯ ಗಾಳಿಗೆ ಘನಮೀಟರಿಗೆ 100ರಷ್ಟು ಸೇರುತ್ತದೆ ಎಂಬುದು ಒಪ್ಪಿತ ಅಂದಾಜು. ಹಾಗಾದರೆ 35ರಿಂದ ಮೂರೂವರೆ. ಹೆಂಚಿನ ಸಂದಿಯಿಂದ ಗಾಳಿ ಓಡಾಡುವ ಮನೆಗಳಲ್ಲಿ ಅದೂ ನಿಲ್ಲುವುದಿಲ್ಲ.

ಮಾಡಿದ್ದು, ಬಿಟ್ಟಿದ್ದು

ಟ್ಯಾಂಕಿಗೆ ಬೀಳುವ ಪೈಪನ್ನು ಮೇಲೆತ್ತಿ ತುದಿಗೆ ಹೂಗಿಡಕ್ಕೆ ನೀರು ಹಾಕುವ ಝಾರಿಯಂಥ ತೂತಿನ ಮೂತಿ ಕೂರಿಸಿದರು. ನೀರು ಹನಿಹನಿಯಾಗಿ ಬಿದ್ದರೆ ರೇಡಾನ್ ಅಲ್ಲೇ ಹಾರುತ್ತದೆ. ಮುಚ್ಚಳಕ್ಕೆ ಸೊಳ್ಳೆ ಜಾಲಿಯ ಕಿಂಡಿ. ಮೇಸ್ತ್ರಿ ಕಾಕಾ ಅರ್ಧ ದಿನದಲ್ಲಿ ಮುಗಿಸಿದರು, ಖರ್ಚು ಆರುನೂರು ರೂಪಾಯಿ. ಆಮೇಲೆ ನಳದಲ್ಲಿ ಅಳೆದರೆ 18.

ಆರ್‌ಒ ಮುಂಗಡ ಕೊಟ್ಟ ಏಳರಲ್ಲಿ ಐದು ಮನೆಯವರು ವಾಪಸ್ ಕೇಳಿದರು. ಮೂವರಿಗೆ ಸಿಕ್ಕಿತು. ಆರ್‌ಒ ಯುರೇನಿಯಂ ತೆಗೆಯುತ್ತದೆ, ಅದರಲ್ಲಿ ಮೋಸ ಇಲ್ಲ. 60, 80 ಮೈಕ್ರೋಗ್ರಾಂ ಇರುವ ಊರಿಗೆ ನಾನೇ ಹಾಕಿಸಿ ಎನ್ನುತ್ತೇನೆ. ಇಲ್ಲಿ 7ಕ್ಕೆ ಅದು ಬೇಕಿರಲಿಲ್ಲ. ಮೇ ತಿಂಗಳಲ್ಲಿ ಬೆರಳುಗಾತ್ರ ನೀರು ಬರುವ ಗುಡ್ಡದಲ್ಲಿ ಒಂದು ಕೊಡ ಸೋಸಲು ಎರಡು ಕೊಡ ಚೆಲ್ಲುವುದು ನ್ಯಾಯವೂ ಅಲ್ಲ.

ಝರಿಯ ಮೇಲಿನ ಗುಂಡಿಗಳನ್ನು ಬೇರೆಡೆ ಸರಿಸುವ ಮಾತು ಇನ್ನೂ ಮಾತಾಗಿಯೇ ಇದೆ.

ಕಾಗದದ ಮೇಲೆ ಆಲ್ಫಾ ಈಗಲೂ 0.1 ಮೀರಿದೆ. ಅದನ್ನು ಮುಚ್ಚಿಡಲಿಲ್ಲ. ಮೀರಿದ್ದು ಎಷ್ಟು, ಅದಕ್ಕೆ ಕಾರಣ ಯಾವುದು, ಮುಂದೇನು ಎಂದು ಕನ್ನಡದಲ್ಲಿ ಅರ್ಧ ಪುಟ ಬರೆದು ಪಂಪ್‌ಮನೆಯ ಬಾಗಿಲಿಗೆ ಅಂಟಿಸಿದೆವು. ಲ್ಯಾಬ್‌ನಲ್ಲಿ ನನ್ನ ಅಭ್ಯಾಸವೂ ಬದಲಾಯಿತು. ಕೋಲಾ ಬಾಟಲಿ ತಂದವರಿಗೆ ಚಹಾ ಕೊಟ್ಟು, ಸರಿಯಾದ ಬಾಟಲಿ ಕೊಟ್ಟು ವಾಪಸ್ ಕಳಿಸುತ್ತೇನೆ. ಆಲ್ಫಾ ಕೇಳಿದರೆ ಯುರೇನಿಯಂ ಜತೆಗೇ ಹಾಕಿಸುತ್ತೇನೆ. ಜನ ಸದ್ಯ ಕುಡಿಯುವ ನೀರು ಯಾವುದು, ಅದನ್ನು ಬಿಟ್ಟರೆ ಎಲ್ಲಿಗೆ ಹೋಗುತ್ತಾರೆ ಎಂದು ಮೊದಲೇ ಕೇಳುತ್ತೇನೆ, ಆ ಎರಡನೇ ನೀರನ್ನೂ ಪರೀಕ್ಷೆ ಮಾಡುತ್ತೇನೆ. ಮಿತಿ ಮೀರಿದ ವರದಿ ಇದ್ದರೆ ಫೋನ್ ಮಾಡಿಯೇ ಕಳಿಸುವುದು. ಶನಿವಾರ ಸಂಜೆ ಕಳಿಸುವುದಿಲ್ಲ.

ನವೆಂಬರ್‌ನಲ್ಲಿ ಯುರೇನಿಯಂ 6 ಬಂತು, ಮಳೆ ನೀರು ಇಳಿದು ತೆಳುವಾಗಿತ್ತು. ಮರುವರ್ಷ ಮೇನಲ್ಲಿ 9. ವರದಿ ಬಂದ ದಿನ ಫೋನ್ ಮಾಡಿ ಅಂಕಿ ಓದಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬಾಗಿಲಿಗೆ ಅಂಟಿಸಿದ ಕಾಗದ ನೋಡುತ್ತಿದ್ದರು ಅಂತ ಕಾಣುತ್ತದೆ.

“ಹಂಗಾರ 30ರ ಒಳಗ ಐತಿ,” ಅಂದರು ಮೇಸ್ತ್ರಿ ಕಾಕಾ. “ಝರಿದು ನಿನ್ನೆ ಅಕ್ಕಾರು ಮತ್ತ ಹಾಕಿ ನೋಡ್ಯಾರ, ಕರ್ರಗಾಗೇತಿ. ಬೋರಿಂದು ಕುಡಿತೀವಿ, ಝರಿದು ಒಗ್ಯಾಣಕ್ಕ. ಹೌದಿಲ್ರಿ ಸರ?”

ಹೌದು ಕಾಕಾ ಅಂದೆ.